ಬೆಂಗಳೂರನ್ನು ನಾವು ಮೊದಲು ನೋಡಿದ್ದು ಸಿನಿಮಾದಲ್ಲಿ. ಆ ಸಿನಿಮಾದಿಂದ ಬೆಂಗಳೂರೂ ಬದಲಾಯಿತಾ?

ಹೊಸನಗರದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಗರಗಳ ಪಾಠ ಶುರು ಮಾಡುವ ಮೊದಲು ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. "ಬೆಂಗಳೂರು ಹೇಗಿದೆ, ಅರ್ಧ ಪುಟ ಬರೆಯಿರಿ" ಅಂದೆ. ಇವರಲ್ಲಿ ಹೆಚ್ಚಿನವರು ಬೆಂಗಳೂರಿಗೆ ಹೋದವರಲ್ಲ. ಶಿವಮೊಗ್ಗಕ್ಕೆ ಹೋಗುವುದೂ ಜವಳಿ ಅಂಗಡಿಗೋ ಆಸ್ಪತ್ರೆಗೋ ಅಷ್ಟೇ. ಆದರೂ ಒಬ್ಬರೂ "ಗೊತ್ತಿಲ್ಲ ಸಾರ್" ಅನ್ನಲಿಲ್ಲ. ಎಲ್ಲರೂ ಬರೆದರು. ಧೈರ್ಯವಾಗಿ ಬರೆದರು.

ವಿಧಾನಸೌಧ ಎಲ್ಲರ ಪುಟದಲ್ಲೂ ಇತ್ತು. ಗಾಜಿನ ಕಟ್ಟಡ, ಮೆಟ್ರೋ, ರಾತ್ರಿ ಹೊತ್ತು ಫ್ಲೈಓವರ್ ಮೇಲೆ ಒಂಟಿ ಬೈಕು. ಹುಡುಗರ ಪುಟದಲ್ಲಿ ಲಾಂಗು ಹಿಡಿದ ರೌಡಿಗಳು. ಬಸ್ ಇಳಿದ ಕೂಡಲೇ ಬ್ಯಾಗು ಕದಿಯುತ್ತಾರೆ ಅಂತ ಒಬ್ಬ ಬರೆದ. ಅಲ್ಲಿ ಯಾರೂ ಮನೆಯಲ್ಲಿ ಅಡುಗೆ ಮಾಡುವುದಿಲ್ಲ ಅಂತ ಒಬ್ಬಳು ಬರೆದಳು. ಕೇಳಿದರೆ ಎಲ್ಲರ ಉತ್ತರವೂ ಒಂದೇ: "ಪಿಚ್ಚರಲ್ಲಿ ನೋಡಿದೀವಿ ಸಾರ್."

ಬರೆಯದೇ ಬಿಟ್ಟದ್ದೂ ನನ್ನನ್ನು ಕಾಡಿತು. ಅಷ್ಟು ಜನಕ್ಕೆ ನೀರು ಎಲ್ಲಿಂದ, ಕರೆಂಟು ಎಲ್ಲಿಂದ, ಆ ಗಾಜನ್ನು ಒರೆಸುವವರು ಯಾರು, ಇದು ಯಾರ ಪುಟದಲ್ಲೂ ಇರಲಿಲ್ಲ. ಇವರಲ್ಲಿ ಎಷ್ಟೋ ಮಕ್ಕಳ ಅಜ್ಜ ಅಜ್ಜಿಯರು, ಕರೆಂಟಿಗೆ ಅಂತ ಶರಾವತಿ ನದಿಗೆ ಅಣೆಕಟ್ಟು ಕಟ್ಟಿದಾಗ ಆದ ಮುಳುಗಡೆಯಿಂದ ಎದ್ದು ಬಂದವರು.

ನನ್ನ ಪ್ರಶ್ನೆ ಎರಡು ಭಾಗ. ಈ ಚಿತ್ರ ಸಿನಿಮಾಕ್ಕೆ ಹೇಗೆ ಬಂತು? ಮತ್ತೆ, ಸಿನಿಮಾ ತೋರಿಸಿದ್ದರಿಂದ ನಗರದ ಬೆಳವಣಿಗೆಯೂ ಆ ಕಡೆ ತಿರುಗಿತಾ? ಜಾಗದ ಬೆಲೆ, ರಸ್ತೆ, ಕಟ್ಟಡ, ಊರು ಬಿಟ್ಟು ಹೋಗುವ ನಮ್ಮ ಹುಡುಗರು, ಇವೆಲ್ಲ. "ಸಿನಿಮಾ ಮಕ್ಕಳನ್ನು ಹಾಳು ಮಾಡುತ್ತೆ" ಅನ್ನುವ ಉತ್ತರ ದಯವಿಟ್ಟು ಬೇಡ. ಅದನ್ನು ಸ್ಟಾಫ್ ರೂಮಿನಲ್ಲಿ ಸಾಕಷ್ಟು ಕೇಳಿದ್ದೇನೆ.

ರೀಲುಪೆಟ್ಟಿಗೆ, ಶಿವಮೊಗ್ಗ:

ಮೇಷ್ಟ್ರೇ, ಮೊದಲನೇ ಭಾಗಕ್ಕೆ ನಾನು ಉತ್ತರ ಕೊಡಬಲ್ಲೆ. ಅದು ನನ್ನ ಅನ್ನದ ವಿಷಯ. ಶಿವಮೊಗ್ಗದ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವನು ನಾನು. ಮಧ್ಯೆ ಕೆಲವು ವರ್ಷ ಬೆಂಗಳೂರಿನ ಗಾಂಧಿನಗರದಲ್ಲಿ ಒಬ್ಬ ಸಿನಿಮಾ ಹಂಚಿಕೆದಾರರ ಆಫೀಸಿನಲ್ಲಿ ರೀಲಿನ ಪೆಟ್ಟಿಗೆ ಕಳಿಸುವ ಕೆಲಸವನ್ನೂ ಮಾಡಿದೆ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕನ್ನಡ ಸಿನಿಮಾ ಹುಟ್ಟಿದ್ದು ಬೆಂಗಳೂರಿನಲ್ಲಿ ಅಲ್ಲ. 1934ರಲ್ಲಿ ಬಿಡುಗಡೆಯಾದ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' ತಯಾರಾದದ್ದು ಕೊಲ್ಲಾಪುರದಲ್ಲಿ. ಆಮೇಲೆ ಬಹಳ ವರ್ಷ ನಮ್ಮ ಸಿನಿಮಾದ ಮನೆ ಮದ್ರಾಸಿನ ಕೋಡಂಬಾಕ್ಕಂ. ಸ್ಟುಡಿಯೋ, ಲ್ಯಾಬು, ರೆಕಾರ್ಡಿಂಗು ಎಲ್ಲ ಅಲ್ಲೇ. ಅಲ್ಲಿ ಬೆಂಗಳೂರನ್ನು ತೋರಿಸಬೇಕು ಅಂದರೆ ಸೆಟ್ ಹಾಕಬೇಕಿತ್ತು. ರಾಜ ಮಹಾರಾಜರ ಕಥೆ, ದೇವರ ಕಥೆ ಇದ್ದಾಗ ಅದೇನೂ ಕಷ್ಟ ಆಗಲಿಲ್ಲ.

ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಆದದ್ದು 1966ರಲ್ಲಿ. ಕೆಲಸ ನಿಧಾನವಾಗಿ ಈ ಕಡೆ ಬಂತು. ಕ್ಯಾಮೆರಾ ಊರಿಗೆ ಬಂದ ಮೇಲೆ ಬೀದಿಗೆ ಇಳಿಯಿತು. ವಿಧಾನಸೌಧ, ಕಬ್ಬನ್ ಪಾರ್ಕು, ಲಾಲ್‌ಬಾಗು. ಸೆಟ್ಟಿನ ಖರ್ಚಿಲ್ಲ. ಹಳ್ಳಿಯವನು ನಗರಕ್ಕೆ ಬಂದ ಅಂತ ಒಂದು ನಿಮಿಷದಲ್ಲಿ ಹೇಳಿ ಮುಗಿಸಬೇಕು ಅಂದರೆ ವಿಧಾನಸೌಧದ ಮುಂದೆ ಅವನನ್ನು ನಿಲ್ಲಿಸಿದರೆ ಸಾಕು, ಮಾತೇ ಬೇಡ. ನಿಮ್ಮ ಮಕ್ಕಳ ಪುಟದಲ್ಲಿರುವ ವಿಧಾನಸೌಧ ಆ ಒಂದು ಶಾಟಿನಿಂದ ಬಂದದ್ದು. ಅದೇ ಶಾಟನ್ನು ನಾನೇ ಎಷ್ಟು ಸಿನಿಮಾದಲ್ಲಿ ಓಡಿಸಿದ್ದೇನೋ.

ಇನ್ನು ದುಡ್ಡಿನ ವಿಷಯ. ರಾಜ್ಯವನ್ನು ಏರಿಯಾಗಳಾಗಿ ಹಂಚಿ ಸಿನಿಮಾ ಮಾರುತ್ತಿದ್ದರು. ಬಿ.ಕೆ.ಟಿ. ಅಂದರೆ ಬೆಂಗಳೂರು, ಕೋಲಾರ, ತುಮಕೂರು. ದುಡ್ಡು ಇದ್ದದ್ದು ಅಲ್ಲಿ. ಶಿವಮೊಗ್ಗ, ಚಿತ್ರದುರ್ಗ ಸೇರಿ ನಮ್ಮದು ಬೇರೆ ಏರಿಯಾ, ಸಣ್ಣದು. ಸಿನಿಮಾ ಮೊದಲು ಕೆಂಪೇಗೌಡ ರಸ್ತೆಯ ಮೇನ್ ಥಿಯೇಟರಿನಲ್ಲಿ ನಿಲ್ಲಬೇಕು. ಅಲ್ಲಿ ನೂರು ದಿನ ಓಡಿತು ಅಂದರೆ ನಮ್ಮ ಕಡೆ ರೇಟು ಏರುತ್ತಿತ್ತು. ಅಲ್ಲಿ ಬಿದ್ದರೆ ಇಲ್ಲಿ ಕೇಳುವವರಿಲ್ಲ. ಹಾಗಾಗಿ ಸಿನಿಮಾ ಮಾಡುವವರ ಕಣ್ಣಿನ ಮುಂದೆ ಇರುತ್ತಿದ್ದ ಪ್ರೇಕ್ಷಕ ಮೆಜೆಸ್ಟಿಕ್ಕಿನವನು. ಅವನು ಎಲ್ಲಿ ಶಿಳ್ಳೆ ಹೊಡೆಯುತ್ತಾನೆ ಅನ್ನುವುದು ಮುಖ್ಯ. ಹೊಸನಗರದ ಅಡಿಕೆ ತೋಟದ ಆಳು ಎಲ್ಲಿ ಅಳುತ್ತಾನೆ ಅನ್ನುವ ಲೆಕ್ಕ ಯಾರ ಪುಸ್ತಕದಲ್ಲೂ ಇರಲಿಲ್ಲ. ಹೊಸ ಪ್ರಿಂಟು ಮೊದಲು ಅಲ್ಲಿ ಓಡಿ, ಗೆರೆ ಬಿದ್ದ ಮೇಲೆ ತಾಲೂಕುಗಳಿಗೆ ಬರುತ್ತಿತ್ತು. ಗಾಂಧಿನಗರದಿಂದ ಪೆಟ್ಟಿಗೆಯನ್ನು ರಾತ್ರಿ ಬಸ್ಸಿಗೆ ಹಾಕುತ್ತಿದ್ದರು, ಬೆಳಿಗ್ಗೆ ನಾವು ಶಿವಮೊಗ್ಗದಲ್ಲಿ ಇಳಿಸಿಕೊಳ್ಳುತ್ತಿದ್ದೆವು. ಬಸ್ಸು ತಡವಾದರೆ ಮಾರ್ನಿಂಗ್ ಶೋ ಜನ ಗೇಟಿನಲ್ಲಿ ಗಲಾಟೆ.

ಇನ್ನು ಮೆಜೆಸ್ಟಿಕ್. ಈ ಹೆಸರೇ ಒಂದು ಟಾಕೀಸಿನದು. ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಹಳೆಯ ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕೆರೆಯ ಹೆಸರು ಹೋಯಿತು, ನಿಲ್ದಾಣದ ಹೆಸರು ಬೋರ್ಡಿನಲ್ಲಿ ಉಳಿಯಿತು, ಜನರ ಬಾಯಲ್ಲಿ ಟಾಕೀಸಿನ ಹೆಸರು ನಿಂತಿತು. ಒಂದು ಕಡೆ ರೈಲ್ವೆ ಸ್ಟೇಷನ್ನು, ಮಧ್ಯೆ ಬಸ್ ಸ್ಟ್ಯಾಂಡು, ಇನ್ನೊಂದು ಕಡೆ ಸಾಲು ಸಾಲು ಟಾಕೀಸು. ಊರಿಂದ ಬಂದವನು ಇಳಿಯುವುದು ಅಲ್ಲಿ, ಮಲಗುವುದು ಅಲ್ಲಿಯ ಲಾಡ್ಜಿನಲ್ಲಿ, ಸಂಜೆ ಸಿನಿಮಾ ನೋಡುವುದೂ ಅಲ್ಲೇ. ಸೆಕೆಂಡ್ ಶೋ ಬಿಡುವ ಹೊತ್ತಿಗೆ ಆಟೋ, ಟೀ ಅಂಗಡಿ, ಇಡ್ಲಿ ಗಾಡಿ ಎಲ್ಲ ಎದ್ದು ಕೂತಿರುತ್ತಿದ್ದವು. ಒಂದು ದೊಡ್ಡ ವ್ಯಾಪಾರದ ಕೇರಿಯನ್ನು ಸಿನಿಮಾ ಟೈಮು ನಡೆಸುತ್ತಿತ್ತು. ಇದು ನಗರದ ಬೆಳವಣಿಗೆ ಅಲ್ಲದೆ ಇನ್ನೇನು? ಮಿನರ್ವ ಸರ್ಕಲ್ಲು, ನವರಂಗ್ ಸರ್ಕಲ್ಲು ಕೂಡ ಹಾಗೇ. ನಮ್ಮಲ್ಲೂ ಲಕ್ಷ್ಮೀ ಟಾಕೀಸು ಅಂದರೆ ಆಟೋದವರಿಗೆ ಬೇರೆ ಗುರುತು ಬೇಡ, ಅಲ್ವಾ?

ರೌಡಿಗಳ ಬಗ್ಗೆ ಹೇಳಿಬಿಡುತ್ತೇನೆ. 1995ರಲ್ಲಿ 'ಓಂ' ಬಂತು. ಭೂಗತ ಲೋಕದ ನಿಜವಾದ ಮಂದಿಯೇ ಅದರಲ್ಲಿ ಕಾಣಿಸಿಕೊಂಡಿದ್ದರು. ಒಳ್ಳೆಯ ಸಿನಿಮಾ, ನಾನು ಅದನ್ನು ಮತ್ತೆ ಮತ್ತೆ ಓಡಿಸಿದ್ದೇನೆ. ಆದರೆ ಅದರ ಹಿಂದೆ ಬಂದ ಲಾಂಗು ಮಚ್ಚಿನ ಸಿನಿಮಾಗಳು ಬೆಂಗಳೂರನ್ನು ಒಂದೇ ಬಣ್ಣಕ್ಕೆ ತಂದವು. 2005ರ 'ಜೋಗಿ'ಯಲ್ಲಿ ಹಳ್ಳಿಯ ತಾಯಿ ಮಗನನ್ನು ಹುಡುಕಿಕೊಂಡು ಬೆಂಗಳೂರಿಗೆ ಬರುತ್ತಾಳೆ. ಆಗ ನಮ್ಮ ಬಾಲ್ಕನಿಯಲ್ಲಿ ಕೂತ ಹೆಂಗಸರು ಬಿಕ್ಕಿ ಬಿಕ್ಕಿ ಅತ್ತದ್ದು ಕ್ಯಾಬಿನ್ನಿನ ತೂತಿನಿಂದ ನನಗೆ ಕಾಣುತ್ತಿತ್ತು. ಅವರಲ್ಲಿ ಎಷ್ಟೋ ಜನರ ಮಕ್ಕಳು ಆಗಲೇ ಬೆಂಗಳೂರಿನಲ್ಲಿ ಬೇಕರಿ, ಹೋಟೆಲ್ಲು, ಗಾರ್ಮೆಂಟ್ಸು ಅಂತ ದುಡಿಯುತ್ತಿದ್ದರು. ಆ ಮಕ್ಕಳ ಕಥೆಯನ್ನು ಅವರಿಗೆ ಯಾರೂ ತೋರಿಸಲಿಲ್ಲ. ಇದು ನನಗೆ ಈಗಲೂ ಸಂಕಟದ ವಿಷಯ.

ನಕ್ಷೆಗೆರೆ, ಸಾಗರ (ಈಗ ಬೆಂಗಳೂರು):

ರೀಲುಪೆಟ್ಟಿಗೆ ಅಣ್ಣಾ, ಬಿ.ಕೆ.ಟಿ. ವಿಷಯ ನನಗೆ ಹೊಸದು. ತುಂಬಾ ಥ್ಯಾಂಕ್ಸ್.

ಮೇಷ್ಟ್ರೇ, ಎರಡನೇ ಭಾಗ ನಾನು ಹೇಳುತ್ತೇನೆ. ನಾನು ಸಾಗರದವಳು. ಇಲ್ಲಿ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ಡ್ರಾಫ್ಟಿಂಗ್ ಮಾಡುತ್ತೇನೆ. ಅಪಾರ್ಟ್‌ಮೆಂಟಿನ ಪಾಯ ತೋಡುವ ಮೊದಲೇ ಅದರ ಥ್ರೀಡಿ ಚಿತ್ರ ರೆಡಿ ಆಗಬೇಕು. ಬುಕಿಂಗ್ ಆಗುವುದು ಆ ಚಿತ್ರ ನೋಡಿ. ಕ್ಲೈಂಟ್ ಬಂದು ಕೂತರೆ ಹೇಳುವ ಮೊದಲ ಮಾತು, "ಮೇಡಂ, ಸಿನಿಮಾ ಥರ ಬರಲಿ." ಅಂದರೆ ಏನು ಅಂತ ನನಗೆ ಈಗ ಬಾಯಿಪಾಠ. ಸಂಜೆ ಹೊತ್ತು. ಆಗತಾನೇ ಮಳೆ ನಿಂತಿರಬೇಕು, ರಸ್ತೆಯಲ್ಲಿ ದೀಪ ಹೊಳೆಯಬೇಕು. ಎಲ್ಲ ಕಿಟಕಿಯಲ್ಲೂ ಬೆಳಕು. ಒಂದು ಕಾರು, ಒಂದು ನಾಯಿ, ಓಡುವ ಒಂದು ಮಗು. ವಾಚ್‌ಮನ್ ಇರಬಾರದು. ನೀರಿನ ಟ್ಯಾಂಕರ್ ಅಂತೂ ಇರಲೇಬಾರದು. ಬೆಂಗಳೂರಿನ ಹೊರವಲಯದಲ್ಲಿ ಟ್ಯಾಂಕರ್ ಇಲ್ಲದ ಅಪಾರ್ಟ್‌ಮೆಂಟು ಹುಡುಕಬೇಕು, ಆದರೆ ಚಿತ್ರದಲ್ಲಿ ಅದಕ್ಕೆ ಜಾಗ ಇಲ್ಲ. ನಿಮ್ಮ ಮಕ್ಕಳು ಬರೆಯದೇ ಬಿಟ್ಟದ್ದನ್ನೇ ನಾನು ದಿನಾ ಅಳಿಸುತ್ತೇನೆ.

ಆ ಚಿತ್ರ ನೋಡಿ ಜನ ದುಡ್ಡು ಹಾಕುತ್ತಾರೆ. ದುಡ್ಡು ಬಂದ ಕಡೆ ರಸ್ತೆ ಬರುತ್ತದೆ. ರಸ್ತೆ ಬಂದ ಕಡೆ ಇನ್ನೊಂದು ಲೇಔಟು. ಇದು ಬೆಂಗಳೂರಿನಲ್ಲಿ ಮಾತ್ರ ಆದದ್ದಲ್ಲ. ಲಾಸ್ ಏಂಜಲೀಸಿನ ಬೆಟ್ಟದ ಮೇಲೆ ಹಾಲಿವುಡ್ ಅಂತ ದೊಡ್ಡ ಬಿಳಿ ಅಕ್ಷರಗಳಿವೆಯಲ್ಲ, ಅದನ್ನು 1923ರಲ್ಲಿ ನಿಲ್ಲಿಸಿದ್ದು ಸೈಟು ಮಾರುವವರು. ಆಗ ಅದು 'ಹಾಲಿವುಡ್‌ಲ್ಯಾಂಡ್' ಅಂತ ಇತ್ತು, ಅವರ ಲೇಔಟಿನ ಹೆಸರು. ಕೊನೆಯ ನಾಲ್ಕು ಅಕ್ಷರ ತೆಗೆದದ್ದು 1949ರಲ್ಲಿ. ಸೈಟಿನ ಬೋರ್ಡು ಇಡೀ ಸಿನಿಮಾ ನಗರದ ಗುರುತಾಯಿತು. ನ್ಯೂಯಾರ್ಕಿನಲ್ಲಿ 1966ರಲ್ಲಿ ಮೇಯರ್ ಜಾನ್ ಲಿಂಡ್ಸೆ ಸಿನಿಮಾ ಚಿತ್ರೀಕರಣಕ್ಕೆ ಅಂತಲೇ ಒಂದು ಆಫೀಸು ತೆರೆದರು, ಅನುಮತಿ ಸುಲಭವಾಗಲಿ, ಕೆಲಸ ಊರಿಗೆ ಬರಲಿ ಅಂತ. ಕ್ಯಾಮೆರಾ ಬಂತು. ಬಂದ ಕ್ಯಾಮೆರಾ 70ರ ದಶಕದಲ್ಲಿ ತೋರಿಸಿದ್ದು ಊರಿನ ಕಸ, ಕಳ್ಳತನ, ಕತ್ತಲೆ ಬೀದಿ. ಊರನ್ನು ಆಳುವವರು ಕ್ಯಾಮೆರಾವನ್ನು ಕರೆಯಬಹುದು. ಅದು ಏನು ನೋಡಬೇಕು ಅಂತ ಹೇಳಲು ಆಗುವುದಿಲ್ಲ.

ಸಿನಿಮಾ ಕಟ್ಟಿದ್ದನ್ನು ಜಾಗದ ಬೆಲೆ ತಿಂದದ್ದೂ ಉಂಟು. ಮುಂಬೈಯ ಚೆಂಬೂರಿನಲ್ಲಿದ್ದ ಆರ್.ಕೆ. ಸ್ಟುಡಿಯೋ 2017ರಲ್ಲಿ ಬೆಂಕಿಗೆ ಸಿಕ್ಕಿತು, ಆಮೇಲೆ ಆ ಜಾಗ ಕಟ್ಟಡ ಕಂಪನಿಗೆ ಮಾರಾಟವಾಯಿತು. ಬೆಂಗಳೂರಿನ ಕಪಾಲಿ ಟಾಕೀಸು ನೆಲಸಮ ಆಯಿತು. 2004ರಲ್ಲಿ ಕೋರಮಂಗಲದ ಫೋರಂ ಮಾಲಿನಲ್ಲಿ ಮಲ್ಟಿಪ್ಲೆಕ್ಸ್ ಬಂದ ಮೇಲೆ ಸಿನಿಮಾ ಬೀದಿ ಬಿಟ್ಟು ಲಿಫ್ಟ್ ಹತ್ತಿತು. ಪರದೆಯ ಹತ್ತಿರದ ಕಡಿಮೆ ದರದ ಸೀಟು, ಗಾಂಧಿಕ್ಲಾಸ್ ಅನ್ನುವುದೇ ಇಲ್ಲವಾಯಿತು. ಈಗ ಮಾಲ್ ನಕ್ಷೆ ಮಾಡುವಾಗ ಥಿಯೇಟರನ್ನು ಮೇಲಿನ ಮಹಡಿಯಲ್ಲಿ ಇಡುತ್ತೇವೆ. ಸಿನಿಮಾಕ್ಕೆ ಬಂದವರು ಎಲ್ಲ ಅಂಗಡಿಗಳನ್ನೂ ದಾಟಿ ಹೋಗಲಿ ಅಂತ.

ನನಗೆ ಬಹಳ ಇಷ್ಟವಾದ ಜಾಗ ಎಂ.ಜಿ. ರಸ್ತೆಯ ಮೆಟ್ರೋ ಸ್ಟೇಷನ್ನು. ಅಲ್ಲಿ ಮೊದಲು ಪ್ಲಾಜಾ ಟಾಕೀಸು ಇತ್ತು. ಮೆಟ್ರೋಗೆ ಅಂತ ಅದನ್ನು ಕೆಡವಿದರು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಹೊರಟ ಮೊದಲ ಮೆಟ್ರೋ ಬಂದು ನಿಲ್ಲುತ್ತಿದ್ದದ್ದು ಅಲ್ಲೇ. ಬೆಂಗಳೂರಿಗೆ ಇಂಥ ರೈಲು ಬೇಕು ಅಂತ 80ರ ದಶಕದಲ್ಲೇ ಓಡಾಡಿದವರು ಶಂಕರ್‌ನಾಗ್. 'ಆಟೋ ರಾಜ'ನಾಗಿ ಆಟೋದವರ ಮನಸ್ಸಿನಲ್ಲಿ ಕೂತ ಮನುಷ್ಯ ಊರಿನ ಸಂಚಾರದ ಬಗ್ಗೆ ನಿಜವಾಗಿ ತಲೆ ಕೆಡಿಸಿಕೊಂಡಿದ್ದರು. 1990ರಲ್ಲಿ ಹೋಗಿಬಿಟ್ಟರು. ಅವರು ಇನ್ನೂ ಇಪ್ಪತ್ತು ವರ್ಷ ಇದ್ದಿದ್ದರೆ ಅಂತ ನಾನು ಆ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗಲೆಲ್ಲ ಅಂದುಕೊಳ್ಳುತ್ತೇನೆ.

ಒಂದು ಎಚ್ಚರಿಕೆ. ಮಕ್ಕಳಿಗೆ ಹೇಳುವಾಗ ಎಲ್ಲವನ್ನೂ ಸಿನಿಮಾದ ಲೆಕ್ಕಕ್ಕೆ ಬರೆಯಬೇಡಿ. ಬೆಂಗಳೂರು ಬೆಳೆದದ್ದು ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳಿಂದ. ಆಮೇಲೆ ಸಾಫ್ಟ್‌ವೇರಿನಿಂದ. ಆ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿ ಸಂಬಳದ ದಿನ ಕೆ.ಜಿ. ರಸ್ತೆಗೆ ಬಂದವರಿಂದ ಟಾಕೀಸುಗಳು ತುಂಬಿದವು. ಸಂಬಳ ಮೊದಲು, ಸಿನಿಮಾ ಆಮೇಲೆ.

ಹೊಸನಗರದ ಮೇಷ್ಟ್ರು:

ಇಬ್ಬರಿಗೂ ಕೈಮುಗಿದೆ. ತಂಗಿ, ಆ ಟ್ಯಾಂಕರ್ ಅಳಿಸುವ ಮಾತನ್ನು ನಾನು ಕ್ಲಾಸಿನಲ್ಲಿ ಹೇಳಲೇಬೇಕು. ಇನ್ನೊಂದು ಕೇಳುತ್ತೇನೆ. ನಗರದ ಚಿತ್ರ ಹೀಗಾಯಿತು. ನಮ್ಮ ಮಲೆನಾಡಿನ ಚಿತ್ರ? ಅದನ್ನೂ ನಗರದವರೇ ತೆಗೆದರಲ್ಲ?

ತೋಟದಮನೆ, ಹೆಗ್ಗೋಡಿನ ಹತ್ತಿರ:

ಮೇಷ್ಟ್ರೇ, ಇದಕ್ಕೆ ನಾನು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ನಿಮ್ಮ ತಾಲೂಕಿನ ಅರಸಾಳು ಸ್ಟೇಷನ್ನೇ ನೋಡಿ. ಶಂಕರ್‌ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಮಾಡಿದಾಗ ಅರಸಾಳುವಿನಲ್ಲೂ ಚಿತ್ರೀಕರಣ ನಡೆಯಿತು. 2020ರಲ್ಲಿ ರೈಲ್ವೆಯವರು ಹಳೆಯ ಕಟ್ಟಡ ರಿಪೇರಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಬಿದ್ದು ಹೋಗುತ್ತಿದ್ದ ಕಟ್ಟಡ ಉಳಿಯಿತು. ಇದು ಒಳ್ಳೆಯ ಕಡೆ.

2006ರ ಕೊನೆಗೆ 'ಮುಂಗಾರು ಮಳೆ' ಬಂತು. ಜೋಗವನ್ನು ಮೇಲಿನಿಂದ ಹಾಗೆ ತೋರಿಸಿದ್ದು ನಮಗೂ ಹೊಸದು. ನಾವು ಯಾವಾಗಲೂ ಎದುರಿನಿಂದ ನೋಡಿದವರು. ಆಮೇಲೆ ಮಳೆಗಾಲದ ಶನಿವಾರ ಬಂತೆಂದರೆ ಸಾಗರದ ರಸ್ತೆಯಲ್ಲಿ ಬೆಂಗಳೂರಿನ ಬೈಕು ಕಾರುಗಳ ಸಾಲು. ಹೋಂಸ್ಟೇಗಳು ಎದ್ದವು. ನಮ್ಮ ಕಡೆಯ ಕೆಲವು ಮನೆಗಳಿಗೆ ಅಡಿಕೆಗೆ ಕೊಳೆ ರೋಗ ಬಂದ ವರ್ಷವೂ ಒಂದಿಷ್ಟು ದುಡ್ಡು ಸಿಕ್ಕಿದ್ದು ಅದರಿಂದ. ಅದನ್ನು ನಾನು ಸಣ್ಣದು ಅನ್ನುವುದಿಲ್ಲ. ಆದರೆ ಅವರಿಗೆ ಬೇಕಾದದ್ದು ಹಸಿರು, ಮಂಜು, ಮಳೆ. ಆ ಮಳೆಯಲ್ಲೇ ಮರ ಹತ್ತಿ ಔಷಧಿ ಹೊಡೆಯುವವನು ಅವರ ಫೋಟೋದಲ್ಲಿ ಇರುವುದಿಲ್ಲ.

ಜೋಗ ಬೇಸಿಗೆಯಲ್ಲಿ ಯಾಕೆ ಒಣಗುತ್ತದೆ ಅಂತ ಬಂದವರು ಕೇಳುತ್ತಾರೆ. ಮೇಲೆ ಲಿಂಗನಮಕ್ಕಿ ಇದೆ, 1964ರ ಅಣೆಕಟ್ಟು. ನೀರು ಕರೆಂಟಿಗೆ ಹೋಗುತ್ತದೆ, ಕರೆಂಟು ಊರೂರಿಗೆ ಹೋಗುತ್ತದೆ. ಮೆಜೆಸ್ಟಿಕ್ಕಿನ ಟಾಕೀಸುಗಳ ಬೋರ್ಡು ಉರಿದದ್ದರಲ್ಲಿ ನಮ್ಮ ಮುಳುಗಿದ ಊರುಗಳ ಪಾಲೂ ಇದೆ. ಇದನ್ನು ತೋರಿಸಿದ ಒಂದು ಸಿನಿಮಾ ಉಂಟು. ಸಾಗರದ ನಾ. ಡಿಸೋಜ ಅವರ ಕಾದಂಬರಿಯಿಂದ ಗಿರೀಶ್ ಕಾಸರವಳ್ಳಿ 2002ರಲ್ಲಿ ಮಾಡಿದ 'ದ್ವೀಪ'. ಹಿನ್ನೀರು ಏರುತ್ತಾ ಬರುತ್ತದೆ, ಒಂದು ಮನೆಯವರು ಗುಡ್ಡ ಬಿಟ್ಟು ಹೋಗಲಾರರು. ಅದಕ್ಕೆ ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಕಾಸರವಳ್ಳಿಯವರೂ ನಮ್ಮ ತೀರ್ಥಹಳ್ಳಿ ತಾಲೂಕಿನವರೇ. ಅಂದರೆ ನಮ್ಮ ಚಿತ್ರವನ್ನು ನಗರದವರೇ ತೆಗೆದರು ಅನ್ನುವುದು ಪೂರ್ತಿ ಸರಿಯಲ್ಲ ಮೇಷ್ಟ್ರೇ. ನಮ್ಮವರೂ ತೆಗೆದರು. ಆದರೆ ಅದು ಎಷ್ಟು ಜನರನ್ನು ಮುಟ್ಟಿತು?

2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆಯಲ್ಲಿ ಬಂದ್ ಆಯಿತು. ನಾನೂ ಸಾಗರದಲ್ಲಿ ರಸ್ತೆಗೆ ಇಳಿದಿದ್ದೆ. ಆಗ ಬೆಂಗಳೂರಿನಲ್ಲಿರುವ ನಮ್ಮ ಸಂಬಂಧಿಯೊಬ್ಬ ಫೋನ್ ಮಾಡಿ, "ಅಲ್ಲಿ ಅಷ್ಟು ಮಳೆ ಬರುತ್ತದಲ್ಲ, ಸ್ವಲ್ಪ ಕೊಟ್ಟರೆ ಏನು?" ಅಂದ. ಅವನು ಕೆಟ್ಟವನಲ್ಲ. ಅವನ ತಲೆಯಲ್ಲಿದ್ದ ಮಲೆನಾಡು ಹಾಡಿನಲ್ಲಿ ನೋಡಿದ ಮಲೆನಾಡು. ಅಲ್ಲಿ ಯಾವಾಗಲೂ ಮಳೆ. ನಮ್ಮ ಬಾವಿ ಏಪ್ರಿಲ್‌ನಲ್ಲಿ ತಳ ಕಾಣುತ್ತದೆ ಅಂತ ಅವನಿಗೆ ಯಾವ ಹಾಡೂ ಹೇಳಲಿಲ್ಲ. ಸಿನಿಮಾದ ಚಿತ್ರ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಕೇಳಿದರೆ ಇಲ್ಲಿಗೆ ಮುಟ್ಟುತ್ತದೆ. ಪೈಪ್‌ಲೈನಿನವರೆಗೆ.

ಇನ್ನು ನಮ್ಮ ಹೆಗ್ಗೋಡು. ಇಲ್ಲಿಯ ನಾಟಕ ಸಂಸ್ಥೆ ನೀನಾಸಂನ ಚಿತ್ರ ಸಮಾಜದಿಂದ ಹೊರದೇಶದ ಸಿನಿಮಾಗಳನ್ನು ತೋರಿಸುತ್ತಿದ್ದರು. ತೋಟದ ಕೆಲಸ ಮುಗಿಸಿ ಬಂದವರೂ ಕೂತು ನೋಡುತ್ತಿದ್ದರು. ನಮ್ಮ ಅಪ್ಪಯ್ಯ ಬೆಂಗಳೂರಿಗಿಂತ ಮೊದಲು ಯುರೋಪಿನ ಬೀದಿಗಳನ್ನು ನೋಡಿದ್ದು ಹಾಗೆ. ಕೆ.ವಿ. ಸುಬ್ಬಣ್ಣನವರ ಕೆಲಸ ಅದು. ಅಲ್ಲಿ ಸಿನಿಮಾ ಮುಗಿದ ಮೇಲೆ ಮಾತಾಡಬೇಕಿತ್ತು. ಏನು ಕಂಡಿತು, ಏನು ಕಾಣಲಿಲ್ಲ ಅಂತ. ಮಕ್ಕಳಿಗೂ ಅದೇ ಮಾಡಿಸಿ. ಸಿನಿಮಾ ಬಿಡಿಸಬೇಡಿ, ಮಾತಾಡಿಸಿ.

ರೀಲುಪೆಟ್ಟಿಗೆ, ಶಿವಮೊಗ್ಗ:

ತೋಟದಮನೆಯವರ ಮಾತು ಓದಿ ಒಂದು ಸೇರಿಸುತ್ತೇನೆ. 1972ರಲ್ಲಿ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಬೇಸಾಯ ಮಾಡುವ ಮನುಷ್ಯನ ಕಥೆಯನ್ನು ನಗರದ ನಟ್ಟ ನಡುವೆ ಎರಡು ವರ್ಷ ನೋಡಿದ್ದಾರೆ. ಅದನ್ನು ನೋಡಿ ಓದಿದ ಹುಡುಗರು ಊರಿಗೆ ವಾಪಸು ಹೋದರು ಅಂತ ನಮ್ಮ ಕಡೆ ಹಿರಿಯರು ಈಗಲೂ ಹೇಳುತ್ತಾರೆ. ಮೆಜೆಸ್ಟಿಕ್ಕಿನ ಪ್ರೇಕ್ಷಕನಿಗೆ ಲಾಂಗೇ ಬೇಕು ಅಂತ ಗಾಂಧಿನಗರದಲ್ಲಿ ಯಾರಾದರೂ ಹೇಳಿದರೆ ನಾನು ಈ ಸಿನಿಮಾದ ಹೆಸರು ಹೇಳುತ್ತಿದ್ದೆ. ಅವನು ಊರಿಂದಲೇ ಹೋದವನಲ್ವಾ. ಅವನಿಗೆ ಅವನ ಊರನ್ನು ಸರಿಯಾಗಿ ತೋರಿಸಿದರೆ ನೋಡುತ್ತಾನೆ.

ಮೇಷ್ಟ್ರೇ, ಕ್ಲಾಸಿನಲ್ಲಿ 'ದ್ವೀಪ' ತೋರಿಸಿ. ಬೆಂಗಳೂರಿನದೂ ಒಂದು ತೋರಿಸಿ, ಶಂಕರ್‌ನಾಗ್ 1985ರಲ್ಲಿ ಮಾಡಿದ 'ಆಕ್ಸಿಡೆಂಟ್'. ರಸ್ತೆ ಬದಿ ಮಲಗಿದ ಕೂಲಿಯವರ ಮೇಲೆ ಕಾರು ಹರಿಯುವ ಕಥೆ. ಹೊಡೆದಾಟಕ್ಕಿಂತ ಜಾಸ್ತಿ ಯೋಚನೆ ಇದೆ. ಹೈಸ್ಕೂಲು ಮಕ್ಕಳಿಗೆ ಎಷ್ಟು ತೋರಿಸಬೇಕು ಅಂತ ಮೊದಲು ನೀವೇ ಒಮ್ಮೆ ನೋಡಿ. ಹಿಂದೆ ಕೆಲಸ ಮಾಡುತ್ತಾ ಕಾಣುವವರು ಯಾರ್ಯಾರು, ಅದನ್ನು ಮಕ್ಕಳು ಬರೆದುಕೊಳ್ಳಲಿ.

ಹೊಸನಗರದ ಮೇಷ್ಟ್ರು:

ಹೆಡ್‌ಮಾಸ್ಟರ ಹತ್ತಿರ ಮಾತಾಡಿದೆ, ಒಪ್ಪಿದ್ದಾರೆ. ಶನಿವಾರ ಮಧ್ಯಾಹ್ನ 'ದ್ವೀಪ', ಅದರ ಮುಂದಿನ ಶನಿವಾರ 'ಆಕ್ಸಿಡೆಂಟ್'. ಮುಳುಗಡೆಯಿಂದ ಬಂದ ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಬರಲು ಮಕ್ಕಳಿಗೆ ಹೇಳಿದ್ದೇನೆ. ಪ್ರೊಜೆಕ್ಟರ್ ಶಾಲೆಯಲ್ಲೇ ಇದೆ. ಸ್ಪೀಕರ್ ಮಾತ್ರ ಸಾಲದು, ಹಾಲ್ ದೊಡ್ಡದು, ಮಳೆ ಬಂದರೆ ಶೀಟಿನ ಸದ್ದಿಗೆ ಏನೂ ಕೇಳುವುದಿಲ್ಲ. ರಿಪ್ಪನ್‌ಪೇಟೆ ಅಥವಾ ಹೊಸನಗರದ ಕಡೆ ಯಾರ ಹತ್ತಿರವಾದರೂ ಒಳ್ಳೆಯ ಸ್ಪೀಕರ್ ಇದ್ದರೆ ಇಲ್ಲೇ ತಿಳಿಸಿ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.